ಹೊಸ ಬ್ಯಾಟರಿ ಹಾಕಿದರೂ ಅದೇ ‘ಕಟ್ ಕಟ್’

ಕೀ ತಿರುಗಿಸಿದರೆ ‘ಕಟ್ ಕಟ್’ ಸದ್ದು, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಹೋಯ್ತು ಅಂತ ಸುತ್ತ ನಿಂತವರೆಲ್ಲ ಹೇಳುತ್ತಾರೆ. ನಾನೂ ನಂಬಿ ಹೊಸದು ಹಾಕಿಸಿದೆ. ಹದಿನೈದೇ ದಿನ, ಮತ್ತೆ ಅದೇ ಸದ್ದು. ಕೊನೆಗೆ ಸಿಕ್ಕಿದ್ದು ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ನಿಗೆ ಹೋಗುವ ದಪ್ಪ ತಂತಿ, ಅಂದರೆ ಅರ್ತ್ ಕೇಬಲ್. ಅದರ ಬೋಲ್ಟಿನಡಿ ತುಕ್ಕು ಹಿಡಿದಿತ್ತು.

ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿತ್ತಲ್ಲ, ತಂತಿಗಳೆಲ್ಲ ಸರಿಯಿವೆ ಅಂದುಕೊಂಡೆ, ಅದೇ ನನ್ನ ದಾರಿ ತಪ್ಪಿಸಿದ್ದು. ಲೆಕ್ಕ ನೋಡಿ. ಒಂದು ಹೆಡ್‌ಲೈಟ್ ಬಲ್ಬಿಗೆ ಸುಮಾರು 5 ಆಂಪಿಯರ್ ಸಾಕು. ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿಗೆ ಸಣ್ಣ ಕಾರಿನಲ್ಲೂ 150 ಆಂಪಿಯರ್ ಆಸುಪಾಸು ಬೇಕು. ದಾರಿಯಲ್ಲಿ ತುಕ್ಕಿನಿಂದ ಬರೀ 0.02 ಓಮ್ ತಡೆ ಇದೆ ಅಂದುಕೊಳ್ಳಿ. 5 ಆಂಪಿಯರ್ ಹರಿದರೆ ಅಲ್ಲಿ ಕಳೆದುಹೋಗುವುದು 0.1 ವೋಲ್ಟ್, ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ. 150 ಆಂಪಿಯರ್ ಎಳೆಯಲು ಹೋದರೆ 3 ವೋಲ್ಟ್ ಅಲ್ಲೇ ಖಾಲಿ! ಮೋಟಾರಿಗೆ ಉಳಿಯುವುದೆಷ್ಟು?

ಇದನ್ನು ಹಿಡಿಯಲು ಒಂದು ಸಾದಾ ಮಲ್ಟಿಮೀಟರ್ ಸಾಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಸೆಲ್ಫ್ ಹೊಡೆಯಲಿ. ಆಗ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ (ಟರ್ಮಿನಲ್) ಇಂಜಿನ್ನಿನ ಬರಿ ಲೋಹಕ್ಕೂ ನಡುವೆ ಅಳೆಯಿರಿ. 0.2 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಆ ಕೇಬಲನ್ನು ಬಿಚ್ಚಿ ಉಜ್ಜಿ.

ಬ್ಯಾಟರಿಯದೇ ತಪ್ಪು ಇರಬಾರದು ಅಂತೇನಿಲ್ಲ. ಅದರೊಳಗೆ 6 ಸೆಲ್‌ಗಳಿವೆ, ಒಂದೊಂದಕ್ಕೂ ಸುಮಾರು 2.1 ವೋಲ್ಟ್. ರಾತ್ರಿಯಿಡೀ ಸುಮ್ನೆ ನಿಂತ ಗಾಡಿಯಲ್ಲಿ 12.6 ತೋರಿಸಿದರೆ ಭರ್ತಿ, 12.2 ಅಂದರೆ ಸುಮಾರು ಅರ್ಧ. ಆದರೆ ನಿಂತಾಗಿನ ವೋಲ್ಟೇಜನ್ನು ಪೂರ್ತಿ ನಂಬಬೇಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳ ನಡುವೆಯೇ 9.6ಕ್ಕಿಂತ ಕೆಳಗೆ ಬಿದ್ದರೆ ಅದು ಸೋತಿದೆ, ಇಲ್ಲವೇ ಚಾರ್ಜ್ ಇಲ್ಲ. 11ರ ಮೇಲೇ ನಿಂತು ಬರೀ ‘ಕಟ್ ಕಟ್’ ಅಂದರೆ ಕೇಬಲ್ ಅಥವಾ ಮೋಟಾರ್ ಕಡೆ ಹುಡುಕಿ.

ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. 12.5ರಲ್ಲೇ ನಿಂತು ಇಳಿಯುತ್ತಾ ಹೋದರೆ ಆಲ್ಟರ್ನೇಟರ್ (ಇಂಜಿನ್ನಿನ ಬೆಲ್ಟಿನಿಂದ ತಿರುಗಿ ಬ್ಯಾಟರಿ ತುಂಬಿಸುವ ಯಂತ್ರ) ಚಾರ್ಜ್ ಮಾಡುತ್ತಿಲ್ಲ. ಬೆಲ್ಟ್ ಸಡಿಲವಾಗಿದೆಯಾ, ಮೊದಲು ಅದನ್ನೇ ನೋಡಿ. (ಹೊಸ ಕಾರುಗಳಲ್ಲಿ ಕಂಪ್ಯೂಟರೇ ಆಗಾಗ ವೋಲ್ಟೇಜ್ ಇಳಿಸುತ್ತದೆ, ಒಂದೇ ಸಲ ನೋಡಿ ಗಾಬರಿಯಾಗಬೇಡಿ.) ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಹಳೇ ಅಭ್ಯಾಸ ಮಾತ್ರ ಬೇಡವೇ ಬೇಡ. ವೋಲ್ಟೇಜ್ ಒಮ್ಮೆಲೇ ಜಿಗಿದು ಇಂಜಿನ್ ನಡೆಸುವ ಕಂಪ್ಯೂಟರನ್ನೇ (ಇಸಿಯು) ಸುಡಬಹುದು.

ಎಲ್ಲ ಸರಿಯಿದ್ದೂ ಮೂರ್ನಾಲ್ಕು ದಿನ ನಿಂತರೆ ಬ್ಯಾಟರಿ ಖಾಲಿಯಾಗುತ್ತಿದೆಯಾ? ಡಿಕ್ಕಿಯ ದೀಪದ ಮೇಲೆ ನನಗೆ ಯಾವಾಗಲೂ ಅನುಮಾನ. 5 ವಾಟ್‌ನ ಆ ಪುಟ್ಟ ಬಲ್ಬ್ 0.4 ಆಂಪಿಯರ್ ಕುಡಿಯುತ್ತದೆ. 35 ಆಂಪಿಯರ್-ಅವರ್ ಬ್ಯಾಟರಿಯನ್ನು ಮುಗಿಸಲು ಅದಕ್ಕೆ ನಾಲ್ಕು ದಿನವೂ ಬೇಡ. ಬಾಗಿಲು ಹಾಕಿದ ಮೇಲೆ ಅದು ಆರುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು? ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ, ಡಿಕ್ಕಿಯೊಳಗಿಟ್ಟು, ಮುಚ್ಚಿ ನೋಡಿ.