ವರ್ಷಕ್ಕೊಂದೇ ಬೆಳೆಯ ಗದ್ದೆ ಮತ್ತು ಜಿಗಿಹುಳು ಹೊತ್ತು ತರುವ ನಂಜು

ಕೊಡಗಿನಲ್ಲಿ ಬತ್ತದ ರೋಗ ಎಂದರೆ ಮೊದಲು ನೆನಪಾಗುವುದು ಬೆಂಕಿ ರೋಗ. ಅದು ಶಿಲೀಂಧ್ರದ್ದು. ವೈರಸ್ ಅಥವಾ ನಂಜಾಣುವಿನ ಮಾತು ನಮ್ಮಲ್ಲಿ ಬರುವುದು ಏಲಕ್ಕಿಗೆ ಕಟ್ಟೆ ರೋಗ ತಗುಲಿದಾಗ, ಇಲ್ಲವೇ ಬಾಳೆಯ ಎಲೆಗಳೆಲ್ಲ ತುದಿಯಲ್ಲಿ ಗುಂಪುಗೂಡಿ ಗಿಡ ಗಿಡ್ಡವಾದಾಗ. ಆ ಎರಡನ್ನೂ ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಸಸ್ಯಹೇನು. ಬತ್ತ, ಗೋಧಿ, ಮುಸುಕಿನ ಜೋಳಕ್ಕೂ ಇಂಥವೇ ರೋಗಗಳಿವೆ. ಏಷ್ಯಾದ ಎಷ್ಟೋ ಬತ್ತದ ಬಯಲುಗಳನ್ನು ಅವು ಬರಿದು ಮಾಡಿವೆ. ನಮ್ಮ ಕಣಿವೆ ಗದ್ದೆಗಳನ್ನು ಬೆಂಕಿ ರೋಗದಷ್ಟು ಅವು ಕಾಡಿಲ್ಲ. ಇದಕ್ಕೆ ದೊಡ್ಡ ಕಾರಣ ಗದ್ದೆಗೆ ನಾವು ಕೊಡುತ್ತ ಬಂದಿರುವ ಬೇಸಿಗೆಯ ಬಿಡುವು ಎಂಬುದು ನನ್ನ ನಂಬಿಕೆ. ಈಗ ಆ ಬಿಡುವಿನ ಬೆಲೆ ಮರೆತುಹೋಗುತ್ತಿದೆ. ಅದಕ್ಕೇ ಈ ಹಿನ್ನೆಲೆ.

ಗಿಡದ ನಂಜು ರೋಗಕ್ಕೂ ಹುಳುವಿಗೂ ನಂಟಿದೆ ಎಂದು ಮೊದಲು ತೋರಿಸಿಕೊಟ್ಟವನು ಒಬ್ಬ ಬತ್ತದ ರೈತ. ಜಪಾನಿನ ಶಿಗಾ ಪ್ರಾಂತ್ಯದ ಹಾಶಿಮೊಟೊ ಹಾತ್ಸುಜೊ ತನ್ನ ಗದ್ದೆಯಲ್ಲೇ ಪ್ರಯೋಗ ಶುರುಮಾಡಿದ. ಪೈರು ಕುಳ್ಳಾಗಿ, ಎಲೆಯ ಮೇಲೆ ಬಿಳಿ ಚುಕ್ಕೆ ಮೂಡಿ, ತೆನೆಯೇ ಬಾರದ ರೋಗ ಅವನ ಊರನ್ನು ಹಿಂಡುತ್ತಿತ್ತು. 1894ರ ಹೊತ್ತಿಗೆ ಜಿಗಿಹುಳು ಇದ್ದಲ್ಲಿ ರೋಗ ಬರುತ್ತದೆ ಎಂದು ಅವನು ಖಚಿತಪಡಿಸಿಕೊಂಡಿದ್ದ. ನಂಜಾಣು ಎಂಬ ಕಲ್ಪನೆಯೇ ಆಗಿನ್ನೂ ನೆಲೆ ಕಂಡಿರಲಿಲ್ಲ. ಹಾಗಾಗಿ ಹುಳುವೇ ರೋಗಕ್ಕೆ ಮೂಲ, ಅದು ರಸ ಹೀರುವುದರಿಂದಲೇ ಪೈರು ಕುಗ್ಗುತ್ತದೆ ಎಂದು ಮೊದಮೊದಲು ಎಲ್ಲರೂ ತಿಳಿದರು. ಒಗಟು ಬಿಡಿಸಿದ್ದು ಶಿಗಾದ ಕೃಷಿ ಪ್ರಯೋಗ ಕೇಂದ್ರ. ಟೋಕಿಯೊ ಕಡೆಯಿಂದ ತಂದ ಅದೇ ಜಾತಿಯ ಹುಳುಗಳನ್ನು ಪೈರಿನ ಮೇಲೆ ಬಿಟ್ಟರೆ ರೋಗ ಬರಲಿಲ್ಲ. ಅವೇ ಹುಳುಗಳು ರೋಗದ ಪೈರಿನ ರಸ ಹೀರಿದ ಮೇಲೆ ರೋಗ ಹರಡತೊಡಗಿದವು. ಹುಳು ಹೊರುವುದಷ್ಟೇ, ಹೊರೆ ಬೇರೆಯದು ಎಂದು ಆಗ ತಿಳಿಯಿತು. 1933ರಲ್ಲಿ ಫುಕುಶಿ ಎಂಬ ವಿಜ್ಞಾನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ನಂಜು ತಾಯಿಹುಳುವಿನ ಮೊಟ್ಟೆಯ ಮೂಲಕ ಮರಿಗಳಿಗೂ, ಅವುಗಳ ಮರಿಗಳಿಗೂ ಇಳಿಯುತ್ತದೆ ಎಂದು ತೋರಿಸಿದರು. ಹಾಶಿಮೊಟೊನ ಹೆಸರು ನಮ್ಮ ಕೃಷಿ ಪಾಠಗಳಲ್ಲಿ ಇನ್ನೂ ದೊಡ್ಡದಾಗಿ ಇರಬೇಕಿತ್ತು.

ಗೋಧಿಯ ಕತೆ ತಡವಾಗಿ ಬಿಚ್ಚಿಕೊಂಡಿತು. 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾರ್ಲಿ ಹಳದಿಗಟ್ಟಿ ಕುಳ್ಳಾದಾಗ, ಸಸ್ಯಹೇನು ಹರಡುವ ನಂಜೊಂದು ಬಾರ್ಲಿ, ಗೋಧಿ, ಓಟ್ಸ್ ಮೂರನ್ನೂ ಹಿಡಿಯುತ್ತದೆ ಎಂದು ಗೊತ್ತಾಯಿತು. ಅದಕ್ಕೂ ಮೊದಲು ಇಂಥ ಹಳದಿಯನ್ನು ಗೊಬ್ಬರದ ಕೊರತೆ, ಚಳಿಯ ಪೆಟ್ಟು ಎಂದೆಲ್ಲ ಅಂದುಕೊಳ್ಳಲಾಗುತ್ತಿತ್ತು. ಈ ನಂಜು ಎಲೆ ಉಜ್ಜಿದರೆ ಹರಡುವುದಿಲ್ಲ, ಬೀಜದಲ್ಲಿ ಬರುವುದಿಲ್ಲ. ಹೇನಿನ ಬಾಯಿಯೊಂದೇ ಅದರ ದಾರಿ. ಹಾಗಾಗಿ ಪತ್ತೆಗೆ ಅಷ್ಟು ಕಾಲ ಹಿಡಿಯಿತು.

ನಮಗೆ ಹತ್ತಿರದ್ದು ತುಂಗ್ರೊ. 1960ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಗುರುತಿಸಿದ ಈ ರೋಗವನ್ನು ಹರಡುವುದು ಹಸಿರು ಜಿಗಿಹುಳು ಎಂದು 1965ರಲ್ಲಿ ಗೊತ್ತಾಯಿತು. ಆ ದಶಕ ಮುಗಿಯುವ ಮುನ್ನವೇ ಉತ್ತರ ಪ್ರದೇಶ, ಬಿಹಾರದ ಬತ್ತವೂ ಇದರ ಬಾಯಿಗೆ ಬಿತ್ತು. ತಗುಲಿದ ಪೈರು ಗಿಡ್ಡವಾಗುತ್ತದೆ, ಎಲೆ ತುದಿಯಿಂದ ಹಳದಿ ಮಿಶ್ರಿತ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ತೆಂಡೆ ಕಡಿಮೆಯಾಗುತ್ತದೆ. ಸತು ಅಥವಾ ಸಾರಜನಕ ಸಾಲದೆ ಹೀಗಾಯಿತೆಂದು ರೈತರು ಗೊಬ್ಬರ ಸುರಿಯುತ್ತಾರೆ. ಹುಲುಸಾದ ಪೈರಿಗೆ ಹುಳು ಇನ್ನಷ್ಟು ಬರುತ್ತದೆ. ಒಳಗೆ ಇರುವುದು ಒಂದಲ್ಲ, ಎರಡು ನಂಜಾಣು. ಪೈರನ್ನು ಕೆಡಿಸುವುದು ಕೋಲಿನಾಕಾರದ್ದು. ಆದರೆ ಗುಂಡಗಿನ ಇನ್ನೊಂದರ ಸಹಾಯವಿಲ್ಲದೆ ಅದನ್ನು ಹುಳು ಹೊರಲಾರದು.

ಶಿಗಾದ ನಂಜಿಗೂ ತುಂಗ್ರೊಗೂ ಇರುವ ಒಂದು ವ್ಯತ್ಯಾಸದ ಮೇಲೆ ಎಲ್ಲವೂ ನಿಂತಿದೆ. ತುಂಗ್ರೊ ಮೊಟ್ಟೆಗೆ ಇಳಿಯುವುದಿಲ್ಲ. ಹುಳುವಿನ ಬಾಯಲ್ಲಿ ಕೆಲವೇ ದಿನ ಉಳಿಯುತ್ತದೆ, ಪೊರೆ ಬಿಟ್ಟರೆ ಅದೂ ಹೋಗುತ್ತದೆ. ಮತ್ತೆ ಮತ್ತೆ ರೋಗದ ಹಸಿರು ಪೈರು ಸಿಗದಿದ್ದರೆ ಸರಪಳಿ ಕಡಿಯುತ್ತದೆ. 1966ರಲ್ಲಿ ಬಂದ ಐಆರ್ 8 ಗಿಡ್ಡ ತಳಿ ಇಳುವರಿ ಏರಿಸಿತು, ಅಲ್ಪಾವಧಿ ತಳಿಗಳ ಜೊತೆ ನೀರಾವರಿ ಸೇರಿ ವರ್ಷಕ್ಕೆ ಎರಡು ಮೂರು ಬೆಳೆ ಬಂದವು, ಗದ್ದೆ ಎಂದೂ ಹಸಿರು ಕಳೆದುಕೊಳ್ಳಲಿಲ್ಲ. 1971ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ತುಂಗ್ರೊ ಭುಗಿಲೆದ್ದಿತು. ಹುಳು ತಡೆಯುವ ತಳಿಗಳನ್ನು ಕೊಟ್ಟರೆ ಕೆಲವು ವರ್ಷಗಳಲ್ಲಿ ಹುಳು ಅವಕ್ಕೂ ಒಗ್ಗಿಕೊಂಡಿತು. ಇಂಡೋನೇಷ್ಯಾದ ದಕ್ಷಿಣ ಸುಲವೇಸಿಯಲ್ಲಿ ಕೆಲಸ ಮಾಡಿದ್ದು ಬೇರೆಯೇ ದಾರಿ: ಊರಿಗೆ ಊರೇ ಒಂದೇ ಹೊತ್ತಿಗೆ ನಾಟಿ ಮಾಡುವುದು, ತಳಿಗಳನ್ನು ಸರದಿಯಲ್ಲಿ ಬದಲಿಸುವುದು.

ಕಂದು ಜಿಗಿಹುಳು ತರುವ ಬತ್ತದ ಇನ್ನೊಂದು ನಂಜು ರೋಗವಾದ ಹುಲ್ಲುಕುಳ್ಳು (ಗ್ರಾಸಿ ಸ್ಟಂಟ್) ರೋಗದ ಮದ್ದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಸಾವಿರಾರು ತಳಿಗಳನ್ನು ಜಾಲಾಡಿದ ಮೇಲೆ ಉತ್ತರ ಪ್ರದೇಶದಿಂದ ತಂದ ಒಂದು ಕಾಡು ಬತ್ತ, ಒರೈಜಾ ನಿವಾರಾ, ಅದನ್ನು ತಡೆದು ನಿಂತಿತು. ಅದರ ಗುಣವನ್ನು ಐಆರ್ 36ರಂಥ ತಳಿಗಳಿಗೆ ಸೇರಿಸಿದರು. ಇತ್ತ ಔಷಧಿ ಹೊಡೆದು ಹೊಡೆದು ಜೇಡಗಳು ಸತ್ತು, ಕಂದು ಜಿಗಿಹುಳುವೇ ಹೆಚ್ಚಿದ್ದರಿಂದ 1986ರಲ್ಲಿ ಇಂಡೋನೇಷ್ಯಾ ಬತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿತು.

ಕೊಡಗಿಗೆ ಈ ಚರಿತ್ರೆಯ ಜೊತೆ ನೇರ ನಂಟಿದೆ. ನಮ್ಮ ಗದ್ದೆಗಳಲ್ಲಿ ದಶಕಗಳಿಂದ ನೆಲೆಸಿರುವ ಇಂಟಾನ್ ಇಂಡೋನೇಷ್ಯಾದ ತಳಿ. ಚೀನಾ ಮೂಲದ ಬತ್ತಕ್ಕೂ ಬಂಗಾಳದ ಲಾಟಿಸೈಲ್‌ಗೂ 1940ಕ್ಕೆ ಮುಂಚೆ ನಡೆಸಿದ ಸಂಕರದಿಂದ ಬಂದದ್ದು. ಅದೇ ಸಂಕರದ ಮತ್ತೊಂದು ಕುಡಿ ಪೇಟಾ, ಐಆರ್ 8ರ ತಾಯಿ. ಲಾಟಿಸೈಲ್ ತುಂಗ್ರೊವನ್ನು ತಾಳಿಕೊಳ್ಳುವ ತಳಿಯೆಂದು ಆಮೇಲೆ ಹೆಸರು ಮಾಡಿತು.

ಏಲಕ್ಕಿಯ ಪಾಡು ಇದಕ್ಕೆ ತದ್ವಿರುದ್ಧ. ಕಟ್ಟೆ ರೋಗ ನಂಜಿನಿಂದ ಬರುತ್ತದೆ ಎಂದು ಖಚಿತವಾದದ್ದು 1945ರಲ್ಲಿ. ಏಲಕ್ಕಿ ಬುಡ ವರ್ಷವಿಡೀ ಹಸಿರಾಗಿ ನಿಂತಿರುತ್ತದೆ, ನಂಜಿಗೆ ಉಪವಾಸವೇ ಇಲ್ಲ. ಹೇನು ಕೆಲವೇ ನಿಮಿಷದಲ್ಲಿ ರೋಗ ದಾಟಿಸುವುದರಿಂದ ಔಷಧಿ ಕೆಲಸ ಮಾಡುವಷ್ಟರಲ್ಲಿ ತಡವಾಗಿರುತ್ತದೆ. ರೋಗದ ಬುಡವನ್ನು ಗೆಡ್ಡೆ ಸಮೇತ ಕಿತ್ತು ನಾಶ ಮಾಡುವುದು, ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರ ಕೊಟ್ಟ ನಿರೋಧಕ ತಳಿ ನೆಡುವುದು, ಇವೆರಡೇ ಗಟ್ಟಿ ದಾರಿ.

ಗದ್ದೆಗೆ ಮಾತ್ರ ಕಾಲವೇ ಕಾವಲಾಗಿದೆ. ಕೈಲ್ ಮುಹೂರ್ತದ ಹೊತ್ತಿಗೆ ನಾಟಿ ಮುಗಿದು, ಹುತ್ತರಿ ಕಳೆದು ಕೊಯ್ಲಾದರೆ ಮತ್ತೆ ಮಳೆ ಬರುವವರೆಗೆ ಹೆಚ್ಚಿನ ಗದ್ದೆಗಳಲ್ಲಿ ಪೈರಿಲ್ಲ. ಕೊಳವೆಬಾವಿ ನೀರಿನಲ್ಲಿ ಬೇಸಿಗೆ ಬತ್ತ ಹಾಕುವವರನ್ನು ತಪ್ಪು ಎನ್ನಲಾರೆ, ಅವರಿಗೂ ಬದುಕಬೇಕು. ಆದರೆ ಅಂಥ ಒಂದೆರಡು ಹಸಿರು ಗದ್ದೆ ಇಡೀ ಬಯಲಿಗೆ ರೋಗ ಕಾಯ್ದಿಡುವ ತಾಣವಾಗಬಲ್ಲದು. ಕೂಳೆ ಚಿಗುರೂ ಅಷ್ಟೇ. ಬೇಸಿಗೆಗೆ ಬೆಳೆ ಬೇಕೆಂದರೆ ಉದ್ದು, ಹೆಸರು, ತರಕಾರಿಯಂಥದ್ದು ಇರಲಿ. ಆ ಗಿಡಗಳಲ್ಲಿ ತುಂಗ್ರೊ ಬಾಳಲಾರದು. ಕೊಯ್ಲಾದ ಮೇಲೆ ಮಣ್ಣಿನಲ್ಲಿ ಪಸೆ ಇರುವಾಗಲೇ ಒಂದು ಸಾಲು ಉತ್ತು ಕೂಳೆ ಮಗುಚಿಬಿಟ್ಟರೆ, ಮುಂದಿನ ಸಸಿಮಡಿಗೆ ಬರುವ ಹಸಿರು ಜಿಗಿಹುಳು ಬರಿಬಾಯಲ್ಲಿ ಬರುತ್ತದೆ.