ತಾಕು ಬದಲಿಸಿ ಮೇಯಿಸೋದು, ಹಾಲು ನಾವೇ ಮಾರೋದು: ನನ್ನ ನೋಟ್ಸು

ಹಸುಗೆ ದಿನಕ್ಕೆ ಎಷ್ಟು ಮೇಯೋ ಜಾಗ ಬೇಕು ಅನ್ನೋ ಒಂದೇ ಲೆಕ್ಕನ ಎರಡು ಸಲ ತಪ್ಪು ಮಾಡ್ದೆ, ಮರೆಯೋಕ್ ಮುಂಚೆ ಬರ್ದಿಡ್ತಿದೀನಿ. ನನ್ ಥರಾನೇ ಊರಲ್ಲಿ ಎರಡ್ಮೂರು ಎಕರೆ, ಮೂರ್ನಾಲ್ಕು ಹಸು ಇಟ್ಕೊಂಡು, ಡೈರಿಗೆ ಹಾಕೋ ಬದ್ಲು ಮನೆಮನೆಗೆ ಹಾಲು ತುಪ್ಪ ಕೊಡೋಣ ಅಂತಿರೋರಿಗೆ ಇದು. ನಮ್ದು ತಿಪಟೂರು ಕಡೆ, ಮೂರು ಎಕರೆ, ನಾಲ್ಕು ಹಸು. ಕೊಟ್ಟಿಗೆ, ಹಾಲು ಕರೆಯೋದು ಇದೆಲ್ಲ ಬರೆಯಲ್ಲ, ನಿಮಗೇ ಗೊತ್ತಿರುತ್ತೆ.

ಮೊದಲು ಐಡಿಯಾ, ಬೇಗ ಮುಗಿಸ್ತೀನಿ

ಹಸುನ ಒಂದೇ ಕಡೆ ಬಿಟ್ರೆ ಅದು ರುಚಿಯಾದ ಹುಲ್ಲನ್ನೇ ಹುಡುಕಿ ತಿನ್ನುತ್ತೆ, ಆ ಹುಲ್ಲು ಚಿಗುರಿದ ತಕ್ಷಣ ವಾಪಸ್ ಬಂದು ಅದನ್ನೇ ಕಚ್ಚುತ್ತೆ, ಬೇರು ಸೊರಗುತ್ತೆ, ಕೊನೆಗೆ ಉಳಿಯೋದು ಪಾರ್ಥೇನಿಯಂ ಕಳೆ. ಫ್ರಾನ್ಸಿನ ಆಂದ್ರೆ ವುವಾಜಾಂ 1950ರ ದಶಕದಲ್ಲೇ ಹೇಳಿದ್ದು ಇದನ್ನ: ಹುಲ್ಲುಗಾವಲು ಹಾಳಾಗೋದು ದನ ಜಾಸ್ತಿ ಆಗಿ ಅಲ್ಲ, ದನ ಎಷ್ಟು ಹೊತ್ತು ನಿಲ್ತು, ಎಷ್ಟು ದಿನ ಬಿಟ್ಟು ವಾಪಸ್ ಬಂತು ಅನ್ನೋದ್ರಿಂದ. ಅದಕ್ಕೆ ಜಮೀನನ್ನ ಸಣ್ಣ ಸಣ್ಣ ತುಂಡಾಗಿ ತಾಕು ತಾಕು ಮಾಡಿ, ದಿನಕ್ಕೊಂದು ತಾಕು ಮೇಯಿಸಿ, ಆಮೇಲೆ ಅದಕ್ಕೆ ರಜೆ. ವರ್ಜೀನಿಯಾದ ಪಾಲಿಫೇಸ್ ಫಾರ್ಮಲ್ಲಿ ಜೋಯಲ್ ಸ್ಯಾಲಟಿನ್ ದನ ಹೋದ ಮೂರ್ನಾಲ್ಕು ದಿನದ ಮೇಲೆ ಅದೇ ಜಾಗಕ್ಕೆ ಕೋಳಿ ಬಿಡ್ತಾರೆ, ಅಷ್ಟೊತ್ತಿಗೆ ಸಗಣಿಲಿ ನೊಣದ ಹುಳ ದಪ್ಪ ಆಗಿರುತ್ತೆ, ಕೋಳಿ ಕೆದಕಿ ತಿಂದು ಸಗಣಿನೂ ಹರಡುತ್ತೆ. ನಾನಿನ್ನೂ ಕೋಳಿವರೆಗೆ ಬಂದಿಲ್ಲ, ನಮ್ಮಲ್ಲಿ ಮುಂಗುಸಿ ಕಾಟ.

ತಾಕು ಎಷ್ಟು ದೊಡ್ಡದಿರ್ಬೇಕು (ನಾನು ಎಡವಿದ್ದು ಇಲ್ಲೇ)

ಹಸು ತೂಕ ಬೇಕು ಮೊದ್ಲು. ತೂಕದ ಮೆಷಿನ್ ಎಲ್ಲಿಂದ ತರೋದು, ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ಇಂಚಲ್ಲಿ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ ಇಂಚಲ್ಲಿ. ಸುತ್ತಳತೆ ಗುಣಿಸು ಸುತ್ತಳತೆ ಗುಣಿಸು ಉದ್ದ, ಭಾಗಿಸು 660, ಬರೋದು ಕೆಜಿ. ನಮ್ ಗೌರಿ 62 ಮತ್ತು 50, ಅಂದ್ರೆ 291 ಕೆಜಿ ಹತ್ರ. ಎಲ್ಲಾ ಹಸುನೂ 300 ಅಂತ ಹಿಡ್ಕೊಂಡೆ.

ಹಾಲು ಕೊಡೋ ಹಸು ದಿನಕ್ಕೆ ತನ್ನ ತೂಕದ ಸುಮಾರು ಶೇ 3ರಷ್ಟು ತಿನ್ನುತ್ತೆ ಅಂತ ಎಲ್ಲಾ ಕಡೆ ಬರೆದಿರ್ತಾರೆ. ಅಂದ್ರೆ 9 ಕೆಜಿ, ನಾಲ್ಕು ಹಸುಗೆ 36. ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲ ಪಿವಿಸಿ ಪೈಪಲ್ಲಿ ಚೌಕ ಮಾಡಿ ಹುಲ್ಲಿನ ಮೇಲಿಟ್ಟು, ಒಳಗಿದ್ದಿದ್ದನ್ನ ಕುಡುಗೋಲಲ್ಲಿ ಕೊಯ್ದು ತೂಗಿದೆ, ಸರಿಯಾಗಿ 1 ಕೆಜಿ. ಅರ್ಧ ತಿನ್ಸು ಅರ್ಧ ಬಿಡು ಅನ್ನೋದು ನಿಯಮ, ಸೊ 500 ಗ್ರಾಂ. 36 ಕೆಜಿಗೆ 72 ಚದರ ಮೀಟರ್. ಗುಂಟೆ ಅಂದ್ರೆ 101 ಚದರ ಮೀಟರ್, ಮುಕ್ಕಾಲು ಗುಂಟೆನೂ ಆಗ್ಲಿಲ್ಲ! ಮೂರು ಎಕರೇಲಿ ಇಪ್ಪತ್ತು ಹಸು ಸಾಕ್ಬಹುದಲ್ಲ ಅಂತ ರಾತ್ರಿ ನಿದ್ದೆ ಬರ್ಲಿಲ್ಲ ಖುಷಿಗೆ.

ಬೆಳಿಗ್ಗೆ ಅಷ್ಟೇ ಜಾಗಕ್ಕೆ ತಂತಿ ಎಳೆದು ಬಿಟ್ಟೆ. ಹತ್ತು ಗಂಟೆಗೆಲ್ಲ ನೆಲ ನೆಕ್ಕಿಟ್ಟು, ತಂತಿ ಪಕ್ಕ ಸಾಲಾಗಿ ನಿಂತು ಅಂಬಾ ಅಂತಾವೆ. ಪಕ್ಕದ ಹೊಲದ ಅಜ್ಜಿ ನೋಡಿ "ಯಾಕಪ್ಪಾ, ದನಗೋಳ್ನ ಬಚ್ಚಲು ಮನೇಲಿ ಕೂಡಾಕಿದೀಯಾ?" ಅಂದ್ರು.

ತಪ್ಪು ಎಲ್ಲಿ ಅಂದ್ರೆ ಆ ಶೇ 3 ಅನ್ನೋದು ಡ್ರೈ ಮ್ಯಾಟರ್, ಒಣ ತೂಕ. ನೀರು ಬಿಟ್ಟು ಉಳಿಯೋ ತೂಕ. ನಾನು ತೂಗಿದ್ದು ಹಸಿ ಹುಲ್ಲು. ಮಳೆಗಾಲದ ಎಳೇ ಹುಲ್ಲಲ್ಲಿ ಹೆಚ್ಚುಕಮ್ಮಿ ಶೇ 80 ನೀರೇ. ಹಸು ಹೊಟ್ಟೆ ತುಂಬಿಸ್ಕೊಂಡ್ರೂ ಅದ್ರಲ್ಲಿ ಐದನೇ ಒಂದು ಭಾಗ ಮಾತ್ರ ಊಟ, ಮಿಕ್ಕಿದ್ದು ನೀರು. ಓದ್ದಾಗ ಅರ್ಥ ಆಯ್ತು ಅನ್ಸುತ್ತೆ, ಲೆಕ್ಕಕ್ಕೆ ಕೂತಾಗ ಮತ್ತೆ ಅದೇ ತಪ್ಪು. ಎರಡನೇ ಸಲ ಹುಲ್ಲನ್ನ ಒಣ ತೂಕಕ್ಕೆ ಇಳಿಸಿ, ಹಸು ಊಟನೂ ಐದರಿಂದ ಭಾಗಿಸಿಬಿಟ್ಟೆ, ವಾಪಸ್ ಅದೇ 72. ಎರಡೂ ಕಡೆ ಭಾಗಿಸಿದ್ರೆ ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಹಸು ಕಡೆ ಸಂಖ್ಯೆ ಆಗ್ಲೇ ಒಣಗಿದೆ, ಹುಲ್ಲಿನ ಕಡೆದು ಮಾತ್ರ ಒಣಗಿಸ್ಬೇಕು!

ಸರಿ ಲೆಕ್ಕ: 1 ಕೆಜಿ ಹಸಿ ಅಂದ್ರೆ 200 ಗ್ರಾಂ ಒಣ. ಅರ್ಧ ಬಿಟ್ರೆ 100 ಗ್ರಾಂ. 36 ಕೆಜಿಗೆ 360 ಚದರ ಮೀಟರ್, ಮೂರೂವರೆ ಗುಂಟೆ.

ಈಗ ನನ್ನ ಶಾರ್ಟ್‌ಕಟ್. ಹಸು ತೂಕದ ಶೇ 3 ಒಣ, ಐದರಿಂದ ಗುಣಿಸಿದ್ರೆ ಶೇ 15 ಹಸಿ, ಅರ್ಧ ಬಿಡ್ಬೇಕಲ್ಲ ಅದಕ್ಕೆ ಡಬಲ್, ಶೇ 30. ಅಂದ್ರೆ 300 ಕೆಜಿ ಹಸುಗೆ ದಿನಕ್ಕೆ 90 ಕೆಜಿ ಹಸಿ ಹುಲ್ಲು ನೆಲದ ಮೇಲೆ ನಿಂತಿರ್ಬೇಕು. ಚೌಕದಲ್ಲಿ 1 ಕೆಜಿ ಬರ್ತಿದ್ರೆ 90 ಚದರ ಮೀಟರ್. ಹಸುಗೊಂದು ಗುಂಟೆ ದಿನಕ್ಕೆ, ಸ್ವಲ್ಪ ಕಮ್ಮಿ. ಇದೊಂದು ನೆನಪಿಟ್ಕೊಂಡ್ರೆ ಕ್ಯಾಲ್ಕುಲೇಟರ್ ಬೇಡ. ಆದ್ರೆ ಡಿಸೆಂಬರ್ ಹೊತ್ತಿಗೆ ಹುಲ್ಲು ಬಲಿತು ಒಣಗಿರುತ್ತೆ, ಆಗ ಆ ಐದು ನಡೆಯಲ್ಲ. 100 ಗ್ರಾಂ ಹುಲ್ಲು ಸಣ್ಣಗೆ ಕತ್ತರಿಸಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಮೈಕ್ರೋವೇವಲ್ಲಿ ಒಂದೊಂದು ನಿಮಿಷ ಬಿಸಿ ಮಾಡಿ ತೂಗ್ತಾ ಹೋಗಿ, ತೂಕ ಇಳಿಯೋದು ನಿಂತಾಗ ಎಷ್ಟು ಗ್ರಾಂ ಇದೆಯೋ ಅಷ್ಟು ಶೇಕಡಾ ಒಣ ತೂಕ. ಮನೇಲಿ ಕೇಳ್ಕೊಂಡು ಮಾಡಿ, ಓವನ್ ಎರಡು ದಿನ ಹುಲ್ಲು ವಾಸನೆ ಬರುತ್ತೆ.

ಎಷ್ಟು ತಾಕು

ರಜೆ ದಿನ ಭಾಗಿಸು ಮೇಯೋ ದಿನ, ಜೊತೆಗೆ ಒಂದು. 30 ದಿನ ರಜೆ, ದಿನಕ್ಕೊಂದು ತಾಕು ಅಂದ್ರೆ 31. ಆ ಒಂದು ಯಾಕೆ ಅಂದ್ರೆ ಮೂವತ್ತು ತಾಕು ಸುಮ್ನಿರುವಾಗ ಹಸು ಎಲ್ಲೋ ನಿಂತಿರ್ಬೇಕಲ್ಲ. 31 ಗುಣಿಸು 360 ಚದರ ಮೀಟರ್, 110 ಗುಂಟೆ, ಎರಡು ಎಕರೆ ಮೂವತ್ತು ಗುಂಟೆ. ಮಳೆಗಾಲಕ್ಕೆ ನಮ್ ಮೂರು ಎಕರೆ ಸರಿಹೋಯ್ತು.

ಆದ್ರೆ 30 ಅನ್ನೋದು ಕ್ಯಾಲೆಂಡರ್ ಅಲ್ಲ. ಮಳೆ ಕೈಕೊಟ್ರೆ 60 ದಿನ ಆದ್ರೂ ಹುಲ್ಲು ಏಳಲ್ಲ, ಆಗ 61 ತಾಕಿಗೆ ಐದು ಎಕರೆ ಮೇಲೆ ಬೇಕು. ಇಲ್ಲ ಅಂದ್ರೆ ಒಂದೇ ತಾಕಲ್ಲಿ ನಿಲ್ಸಿ ರಾಗಿ ಹುಲ್ಲು ಹಾಕಿ, ಮಿಕ್ಕಿದ್ದಕ್ಕೆ ದನ ಬಿಡ್ಲೇಬೇಡಿ. ಇದೇನು ಹೊರಗಿಂದ ಬಂದ ವಿದ್ಯೆ ಅಲ್ಲ, ಮೈಸೂರು ಸಂಸ್ಥಾನದ ಅಮೃತ ಮಹಲ್ ದನಗಳ ಹುಲ್ಲುಗಾವಲು, ಅಂದ್ರೆ ಕಾವಲುಗಳನ್ನ ಬೇಸಿಗೆ, ಮಳೆ, ಚಳಿಗಾಲ ಅಂತ ಬೇರೆಬೇರೆ ಮಾಡಿಟ್ಟಿದ್ರು, ದನ ಋತು ನೋಡ್ಕೊಂಡು ಹೋಗೋವು.

ತಾಕಿನ ಸುತ್ತ ಎಳೆಯೋ ಸೋಲಾರ್ ಕರೆಂಟ್ ಬೇಲಿ ಬಗ್ಗೆ ಒಂದೇ ಮಾತು: ಬೇಸಿಗೇಲಿ ಝಟಕಾ ಹೊಡೀತಿಲ್ಲ ಅಂದ್ರೆ ಮೆಷಿನ್ ಬಿಚ್ಚೋಕ್ ಮುಂಚೆ ನೆಲಕ್ಕೆ ಹೊಡೆದಿರೋ ಅರ್ಥ್ ರಾಡ್ ಬುಡಕ್ಕೆ ಒಂದು ಬಿಂದಿಗೆ ನೀರು ಹುಯ್ಯಿರಿ.

ಮಾರೋದು

ಹಾಲಿನ ಸಹಕಾರ ಸಂಘದ ಸದಸ್ಯರಾಗಿ ಪೂರ್ತಿ ಹಾಲು ಡೈರಿಗೇ ಹಾಕೋರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಡ, ಮನೆಗೆ ಕೊಡೋಕೆ ಶುರು ಮಾಡಿದ್ರೆ ಬೇಕು. ಮೊದಲ ಮಳೆ ಆದಮೇಲೆ ಗಿರಾಕಿಗಳು ಫೋನ್ ಮಾಡ್ತಾರೆ, "ಏನ್ರೀ, ಹಾಲು ತೆಳ್ಳಗಿದೆ, ನೀರು ಹಾಕಿದ್ರಾ?" ಅಂತ. ಎಳೇ ಹುಲ್ಲಲ್ಲಿ ನಾರು ಕಮ್ಮಿ, ಫ್ಯಾಟ್ ಇಳಿಯುತ್ತೆ. ಬೆಳಿಗ್ಗೆ ಬಿಡೋಕ್ ಮುಂಚೆ ಒಂದಿಷ್ಟು ರಾಗಿ ಹುಲ್ಲು ತಿನ್ಸಿ, ಸರಿಹೋಗುತ್ತೆ, ಹೊಟ್ಟೆ ಉಬ್ಬರನೂ ಕಮ್ಮಿ.

ತುಪ್ಪಕ್ಕೆ ಶೇ 4 ಫ್ಯಾಟ್ ಹಾಲಾದ್ರೆ ಕೆಜಿಗೆ ಲೆಕ್ಕದಲ್ಲಿ 25 ಲೀಟರ್, ನಿಜಕ್ಕೂ 28-30. ಹಾಲು 60 ರೂಪಾಯಿ ಹಿಡ್ಕೊಂಡ್ರೆ ಬರೀ ಹಾಲಿಂದೇ 1,680ರಿಂದ 1,800 ಆಯ್ತು, ಸೌದೆ ಕೂಲಿ ಬೇರೆ. ಸಾವಿರಕ್ಕೆ ಕೊಡಿ ಅನ್ನೋರಿಗೆ ಮಜ್ಜಿಗೆ ಕೊಟ್ಟು ಕಳಿಸಿ. ಇನ್ನೊಂದು, ನಾಲ್ಕೂ ಹಸು ಒಟ್ಟಿಗೆ ಗಬ್ಬ ಆಗೋ ಹಾಗೆ ಬಿಡಬೇಡಿ, ಕರು ಹಾಕೋಕ್ ಮುಂಚಿನ ಎರಡು ತಿಂಗಳು ಹಾಲು ಬತ್ತಿಸ್ತೀರ, ಅಷ್ಟರಲ್ಲಿ ಗಿರಾಕಿಗಳು ಪ್ಯಾಕೆಟ್ಟಿಗೆ ವಾಪಸ್.

ಅಮೆರಿಕದ ರ‍್ಯಾಂಚ್ ವಿಡಿಯೋಗಳ ಲೆಕ್ಕ ನಮಗೆ ಕೂರದೇ ಇರೋದು ಒಂದು ಕಡೆ: ಅಲ್ಲಿ ಗಂಡು ಕರುನೇ ಆದಾಯ, ಮಾಂಸಕ್ಕೆ ಬೆಳೆಸಿ ಗಿರಾಕಿಗೆ ನೇರ ಮಾರ್ತಾರೆ. ಇಲ್ಲಿ ಕರ್ನಾಟಕದ 2020ರ ಗೋಹತ್ಯೆ ತಡೆ ಕಾಯ್ದೆ ಪ್ರಕಾರ ಹಸು, ಹೋರಿ, ಎತ್ತು, ಕರು ಯಾವ್ದೂ ಕಡಿಯೋ ಹಾಗಿಲ್ಲ. ಹಳ್ಳಿಕಾರ್ ಹೋರಿ ಆದ್ರೆ ಜಾತ್ರೇಲಿ ಬೆಲೆ ಇದೆ, ಕ್ರಾಸ್ ತಳಿ ಗಂಡು ಕರುನ ಯಾರೂ ಕೇಳಲ್ಲ. ಹೆಣ್ಣು ಕರುವೇ ಬರೋ ಹಾಗೆ ಬೇರ್ಪಡಿಸಿದ ವೀರ್ಯ, ಸೆಕ್ಸ್ ಸಾರ್ಟೆಡ್ ಸೆಮೆನ್ ಸಿಗುತ್ತೆ, ಅದೂ ಶೇ 90ರ ಹತ್ರ, ಪೂರ್ತಿ ಗ್ಯಾರಂಟಿ ಅಲ್ಲ. ಗೌರಿ ಮಾಮೂಲಿ ಸೆಮೆನ್ ಸೂಜೀಲೇ ಗಬ್ಬ ಆಗಿದ್ದು, ಹಾಕಿದ್ದು ಗಂಡು. ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಕಡೆ ಅವನಿಗೂ ಒಂದು ಸಾಲು ಎಳೆದಿದೀನಿ, ಆದಾಯದ ಕಡೆ ಸದ್ಯಕ್ಕೆ ಸಗಣಿ ಅಂತ ಬರ್ದಿದೀನಿ.