ಸೋಮವಾರ ಮಾತ್ರ ತಪ್ಪಾಗುವ ಪಾಸ್‌ವರ್ಡ್

ಕೋಲಾರದ ಡೂಮ್ ಲೈಟ್ ವೃತ್ತದ ಹತ್ತಿರ ನಾನು ಆಗಾಗ ಹೋಗುವ ಒಂದು ಆಡಿಟರ್ ಆಫೀಸು ಇದೆ. ಒಂಬತ್ತು ಕಂಪ್ಯೂಟರ್, ಒಳಕೋಣೆಯಲ್ಲಿ ಎಲ್ಲರ ಫೈಲು, ಲಾಗಿನ್ ನೋಡಿಕೊಳ್ಳುವ ಒಂದು ಸರ್ವರ್. ಟೊಮೆಟೊ ಮಂಡಿಗಳ ಲೆಕ್ಕವೇ ಜಾಸ್ತಿ. ಕಿಟಕಿ ಪಕ್ಕ ಕೂರುವ ಅಕ್ಕನಿಗೆ ಪ್ರತಿ ಸೋಮವಾರ ಬೆಳಿಗ್ಗೆ ಒಂದೇ ಗೋಳು. ಲಾಗಿನ್ ಆಗುವುದಿಲ್ಲ. "ನನ್ನ ಪಾಸ್‌ವರ್ಡ್ ನನಗೆ ಗೊತ್ತಿಲ್ವಾ ಸಾರ್? ಶನಿವಾರ ಸಂಜೆವರೆಗೂ ಇದನ್ನೇ ಹಾಕಿದ್ದೀನಿ" ಅನ್ನುತ್ತಿದ್ದರು. 20ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಒತ್ತಡ ಬೇರೆ.

ಆಫೀಸಿನವರು ಒಂದು ಮದ್ದು ಕಂಡುಕೊಂಡಿದ್ದರು. ಸರ್ವರ್‌ನಲ್ಲಿ ಅಕ್ಕನ ಪಾಸ್‌ವರ್ಡ್ ಬದಲಾಯಿಸುವುದು. ಹತ್ತು ಹದಿನೈದು ನಿಮಿಷ ಒದ್ದಾಡಿದ ಮೇಲೆ ಲಾಗಿನ್ ಆಗುತ್ತಿತ್ತು. ಮುಂದಿನ ಸೋಮವಾರ ಮತ್ತೆ ಅದೇ ಕಥೆ. ಎರಡು ತಿಂಗಳು ಹೀಗೇ ನಡೆಯಿತು. ನನಗೆ ಕರೆ ಬಂದದ್ದು ಆಮೇಲೆ.

ಪಾಸ್‌ವರ್ಡ್‌ಗೆ ವಾರದ ದಿನ ಗೊತ್ತಿರುವುದಿಲ್ಲ. ಅದು ತಪ್ಪಾಗಿದ್ದರೆ ಬುಧವಾರವೂ ತಪ್ಪೇ. ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯೊಳಗೆ ಈ ಕೋಣೆಯಲ್ಲಿ ಏನಾಗುತ್ತದೆ? ಉತ್ತರ ಸಿಕ್ಕಿದ್ದು ಬೆಳಿಗ್ಗೆ ಮೊದಲು ಬಂದು ಬಾಗಿಲು ತೆರೆಯುವ ಹುಡುಗನಿಂದ. ಉಳಿದ ದಿನ ಕಂಪ್ಯೂಟರ್ ಆಫ್ ಮಾಡಿ ಹೋಗುತ್ತಾರೆ, ಅಷ್ಟೆ. ಶನಿವಾರ ಮಾತ್ರ ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ. "ಸೋಮವಾರ ಆ ಕಂಪ್ಯೂಟರ್ ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್‌ನಲ್ಲಿ ಏನೋ ಬರುತ್ತೆ ಸಾರ್. ಎಫ್1 ಒತ್ತಿದ್ರೆ ಹೋಗುತ್ತೆ" ಎಂದ. ಆ ಕಂಪ್ಯೂಟರ್ ಶುರುವಾಗುವ ರೀತಿಯೇ ಹಾಗೆ ಎಂದು ಅವನು ತಿಳಿದಿದ್ದ. ಅವನಿಗೆ ಯಾರೂ ಬೇರೆ ಹೇಳಿರಲಿಲ್ಲ.

ಆ ಕಪ್ಪು ಸ್ಕ್ರೀನ್ ಹೇಳುತ್ತಿದ್ದದ್ದು ಇದು: ನನ್ನ ಗಡಿಯಾರದ ಶೆಲ್ಲು ಸತ್ತಿದೆ.

ಇಂಥ ಕಂಪ್ಯೂಟರಿನ ಮದರ್‌ಬೋರ್ಡಿನ, ಅಂದರೆ ಒಳಗಿನ ಮುಖ್ಯ ಬೋರ್ಡಿನ, ಮೇಲೆ ಸಾಮಾನ್ಯವಾಗಿ ಒಂದು ರೂಪಾಯಿ ನಾಣ್ಯದಂಥ ಶೆಲ್ಲು ಇರುತ್ತದೆ. ಹೆಸರು ಸಿಆರ್2032. ಅಳತೆ ಹೆಸರಿನಲ್ಲೇ ಇದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಮೂರು ವೋಲ್ಟಿನ ಈ ಶೆಲ್ಲಿನ ಕೆಲಸ, ಕರೆಂಟ್ ಪೂರ್ತಿ ಹೋದಾಗಲೂ ಒಳಗಿನ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವುದು. ಬೇರೆ ದಿನಗಳಲ್ಲಿ ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ಗಿನಿಂದ ಮದರ್‌ಬೋರ್ಡಿಗೆ ಒಂದಿಷ್ಟು ವಿದ್ಯುತ್ ಹೋಗುತ್ತಲೇ ಇರುತ್ತದೆ. ಹಾಗಾಗಿ ಸತ್ತ ಶೆಲ್ಲಿನ ಸುಳಿವೇ ಸಿಗುವುದಿಲ್ಲ. ಮೇನ್ ಸ್ವಿಚ್ ಆರಿದ ಶನಿವಾರ ರಾತ್ರಿ ಮಾತ್ರ ಗಡಿಯಾರಕ್ಕೆ ಆಸರೆ ತಪ್ಪುತ್ತದೆ. ಸೋಮವಾರ ಅದು ಎದ್ದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ.

ಗಡಿಯಾರ ಸ್ವಲ್ಪ ಸ್ವಲ್ಪವೇ ಹಿಂದೆ ಬಿದ್ದಿರಬಹುದಲ್ವಾ ಎಂದು ನಿಮಗೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಳಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳಿದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಸೆಕೆಂಡು ಸಿಗುತ್ತದೆ. ಇಂಥ ಹರಳು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೆ ದಿನಕ್ಕೆ 1.7 ಸೆಕೆಂಡು ವ್ಯತ್ಯಾಸ. ಐದು ನಿಮಿಷ ತಪ್ಪಲು ಹೆಚ್ಚು ಕಡಿಮೆ ಆರು ತಿಂಗಳು ಬೇಕು. ಒಂದೇ ಭಾನುವಾರದಲ್ಲಿ ಅಷ್ಟು ಆಗುವುದಿಲ್ಲ.

ಐದು ನಿಮಿಷ ಎಂಬ ಲೆಕ್ಕ ಎಲ್ಲಿಂದ ಬಂತು? ಅದನ್ನು ಹೇಳಲು ಲಾಗಿನ್ ಒಳಗೆ ಇಣುಕಬೇಕು. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು.

ಸರ್ವರ್ ಇರುವ ಇಂಥ ಆಫೀಸಿನಲ್ಲಿ ನೀವು ಟೈಪ್ ಮಾಡಿದ ಪಾಸ್‌ವರ್ಡ್ ಕೇಬಲ್ ಮೇಲೆ ಹೋಗುವುದೇ ಇಲ್ಲ. ನಿಮ್ಮ ಕಂಪ್ಯೂಟರ್ ಆ ಪಾಸ್‌ವರ್ಡ್‌ನಿಂದ ಒಂದು ಬೀಗದ ಕೈ ತಯಾರಿಸುತ್ತದೆ. ಆ ಹೊತ್ತಿನ ಸಮಯವನ್ನು ಬರೆದು, ಆ ಕೀಲಿಯಿಂದ ಬೀಗ ಹಾಕಿ ಕಳಿಸುತ್ತದೆ. ಸರ್ವರ್ ಬಳಿಯೂ ನಿಮ್ಮ ಕೀಲಿ ಇದೆ. ಬೀಗ ತೆರೆದರೆ ಕೀಲಿ ಸರಿ. ಆದರೆ ಅಷ್ಟು ಸಾಲದು. ಒಳಗೆ ಬರೆದ ಸಮಯ ತನ್ನ ಗಡಿಯಾರಕ್ಕೆ ಹೊಂದುತ್ತದೆಯೇ ಎಂದೂ ಸರ್ವರ್ ನೋಡುತ್ತದೆ. ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಒಪ್ಪುವುದಿಲ್ಲ.

ಸಮಯ ಯಾಕೆ ಬೇಕು? ಬಸ್ಸಿನ ಟಿಕೆಟ್ ನೆನೆಸಿಕೊಳ್ಳಿ. ನಿನ್ನೆ ಬೆಂಗಳೂರಿಗೆ ಹೋಗಲು ಕೊಂಡ ಟಿಕೆಟ್ ನಕಲಿಯಲ್ಲ. ಕಂಡಕ್ಟರ್ ಕೊಟ್ಟದ್ದೇ. ಆದರೂ ಇವತ್ತು ಚೆಕಿಂಗ್‌ಗೆ ಬಂದವರು ತಾರೀಖು ನೋಡಿ ಇಳಿಸುತ್ತಾರೆ. ಹಾಗೆಯೇ, ಕೇಬಲ್ ಮೇಲೆ ಹೋದ ಸಂದೇಶವನ್ನು ಯಾರೋ ಕದ್ದು ಇಟ್ಟುಕೊಂಡು ನಾಳೆ ಮತ್ತೆ ಕಳಿಸಿದರೆ? ಬೀಗ ಒಡೆಯುವ ಕಷ್ಟವೇ ಇಲ್ಲದೆ ಒಳಗೆ ಬರಬಹುದು. 1978ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ ಇಂಥ ಗುರುತು ಹಿಡಿಯುವ ವಿಧಾನವೊಂದನ್ನು ಕೊಟ್ಟರು. ಹಳೆಯ ಸಂದೇಶವನ್ನು ಮತ್ತೆ ಬಳಸುವ ಸಂದು ಅದರಲ್ಲಿ ಉಳಿದಿತ್ತು. ಸಮಯದ ಮುದ್ರೆ ಒತ್ತಿ ಆ ಸಂದನ್ನು ಮುಚ್ಚಬಹುದು ಎಂದು 1981ರಲ್ಲಿ ತೋರಿಸಿದವರು ಡೊರೊಥಿ ಡೆನ್ನಿಂಗ್ ಮತ್ತು ಜಿಯೊವಾನಿ ಸಾಕೊ. ಈ ಎರಡನ್ನೂ ಸೇರಿಸಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, 1983ರಲ್ಲಿ ಶುರುವಾದ ಅಥೀನಾ ಯೋಜನೆಯಡಿ, ನಾನು ಮೇಲೆ ಹೇಳಿದ ಲಾಗಿನ್ ಪದ್ಧತಿ ಕರ್ಬರೋಸ್ ರೂಪುಗೊಂಡಿತು. ಗ್ರೀಕರ ಕಥೆಯಲ್ಲಿ ಸತ್ತವರ ಲೋಕದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ನಮ್ಮ ಯಮನಿಗೂ ನಾಲ್ಕು ಕಣ್ಣಿನ ಎರಡು ನಾಯಿಗಳಿವೆ, ಋಗ್ವೇದದಲ್ಲೇ ಬರುತ್ತವೆ. ವಿಂಡೋಸ್ 2000ದಿಂದ ಈಚೆಗೆ ಇಂಥ ವಿಂಡೋಸ್ ಸರ್ವರ್ ಇರುವ ಆಫೀಸುಗಳಲ್ಲಿ ಬಾಗಿಲು ಕಾಯುತ್ತಿರುವುದು ಕರ್ಬರೋಸೇ.

ಅಕ್ಕ ಸೋಮವಾರ ಸರಿಯಾದ ಕೀಲಿಯನ್ನೇ ಕೊಡುತ್ತಿದ್ದರು. ಆದರೆ ಎಷ್ಟೋ ವರ್ಷ ಹಳೆಯ ಟಿಕೆಟ್ ತೋರಿಸಿದಂತಾಗುತ್ತಿತ್ತು. ಸಣ್ಣಪುಟ್ಟ ವ್ಯತ್ಯಾಸವನ್ನು ವಿಂಡೋಸ್ ಎಷ್ಟೋ ಸಲ ಸರ್ವರ್ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ. ಇಲ್ಲಿ ಸಮಯ ತಾನಾಗಿ ಹೊಂದಿಕೊಳ್ಳುವ ಏರ್ಪಾಡನ್ನೇ ಯಾರೋ ಹಿಂದೆ ನಿಲ್ಲಿಸಿದ್ದರು. ಮತ್ತೆ ಆ ಹದಿನೈದು ನಿಮಿಷದಲ್ಲಿ ಸರಿಹೋಗುತ್ತಿದ್ದದ್ದು ಹೇಗೆ? ಬಿಲ್ಲಿನಲ್ಲಿ ತಾರೀಖು ತಪ್ಪು ಬರುತ್ತದೆ ಎಂದು ಹುಡುಗ ಗಡಿಯಾರವನ್ನು ಕೈಯಿಂದ ತಿದ್ದುತ್ತಿದ್ದ. ಕೆಲಸ ಮಾಡಿದ್ದು ಅವನ ಕೈ. ಹೆಸರು ಬಂದದ್ದು ಹೊಸ ಪಾಸ್‌ವರ್ಡ್‌ಗೆ.

ಗಡಿಯಾರ ನೋಡುವಾಗ ಇನ್ನೊಂದು ಎಚ್ಚರ ಬೇಕು. ಗೋಡೆಯ ಗಡಿಯಾರಕ್ಕೂ ಸ್ಕ್ರೀನಿಗೂ ಒಂದೇ ಸಮಯ ಇದ್ದರೂ ಕಂಪ್ಯೂಟರ್ ತಪ್ಪಿರಬಹುದು. ಬಂಗಾರಪೇಟೆಯಲ್ಲಿ ಒಂದು ಕಡೆ ಹೀಗಾಗಿತ್ತು. ಎರಡೂ 10 ಗಂಟೆ ತೋರಿಸುತ್ತಿದ್ದವು. ಆದರೆ ಕಂಪ್ಯೂಟರಿನ ಸಮಯವಲಯ ಅಮೆರಿಕದ ಪಶ್ಚಿಮ ಕರಾವಳಿಯದು. ಕಂಪ್ಯೂಟರುಗಳು ತಮ್ಮೊಳಗೆ ಲೆಕ್ಕ ಇಡುವುದು ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ. ಹಾಗಾಗಿ ಚಳಿಗಾಲದಲ್ಲಿ ಅದು ಹದಿಮೂರೂವರೆ ಗಂಟೆ ತಪ್ಪಿತ್ತು. ಅಂದಹಾಗೆ, ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಕೋಲಾರ ಇರುವುದು 78ರ ಆಸುಪಾಸು. ಡಿಗ್ರಿಗೆ ನಾಲ್ಕು ನಿಮಿಷದಂತೆ, ನಮ್ಮೂರಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ ಸುಮಾರು 17 ನಿಮಿಷ ಹಿಂದೆ. ಅಂತರಗಂಗೆ ಬೆಟ್ಟದ ಮೇಲಿನ ಸೂರ್ಯನನ್ನು ನೋಡಿ ಗಡಿಯಾರ ಇಟ್ಟರೆ ಕರ್ಬರೋಸ್ ಒಳಗೆ ಬಿಡುವುದಿಲ್ಲ.

ಶೆಲ್ಲು ಬದಲಾಯಿಸಿದ ಮೇಲೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಕ್ಕನ ಖಾತೆ ಈಗ ಗುರುವಾರವೋ ಶುಕ್ರವಾರವೋ, ದಿನದ ನಡುವೆಯೇ ಲಾಕ್ ಆಗತೊಡಗಿತು. ಇದು ಆ ಹಳೆಯ ಮದ್ದಿನಿಂದ ಹುಟ್ಟಿದ ಕಾಯಿಲೆ. ಐದು ಸಲ ತಪ್ಪು ಪಾಸ್‌ವರ್ಡ್ ಬಂದರೆ ಖಾತೆಗೆ ಬೀಗ ಎಂದು ಅಲ್ಲಿ ನಿಯಮ ಮಾಡಿದ್ದರು. ಮೂಲೆಯ ಸ್ಕ್ಯಾನರ್, ಸ್ಕ್ಯಾನ್ ಮಾಡಿದ ಬಿಲ್ಲುಗಳನ್ನು ಸರ್ವರ್‌ಗೆ ಹಾಕಲು ಅಕ್ಕನ ಹೆಸರನ್ನೇ ಬಳಸುತ್ತಿತ್ತು. ಅದರಲ್ಲಿ ಉಳಿದಿದ್ದದ್ದು ತಿಂಗಳುಗಳ ಹಿಂದಿನ ಪಾಸ್‌ವರ್ಡ್. ತೀರಾ ಈಚಿನ ಒಂದೆರಡು ಹಳೆಯ ಪಾಸ್‌ವರ್ಡ್‌ಗಳನ್ನು ವಿಂಡೋಸ್ ಸರ್ವರ್ ಈ ತಪ್ಪುಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮರೆತವರಿಗೆ ಸಿಗುವ ರಿಯಾಯಿತಿ ಅದು. ಇವರು ಮೇಲಿಂದ ಮೇಲೆ ಬದಲಾಯಿಸಿ ಆ ರಿಯಾಯಿತಿಯನ್ನು ಕಳೆದುಕೊಂಡಿದ್ದರು. ಯಾರೋ ಐದಾರು ಬಿಲ್ಲು ಸ್ಕ್ಯಾನ್ ಮಾಡಿದರೆ ಇಲ್ಲಿ ಅಕ್ಕನ ಖಾತೆಗೆ ಬೀಗ.

ಇದನ್ನು ಊಹೆಯಿಂದ ಹಿಡಿದದ್ದಲ್ಲ. ಸರ್ವರ್ ದಿನಚರಿ ಬರೆಯುತ್ತದೆ. ಖಾತೆ ಲಾಕ್ ಆದಾಗ 4740 ಎಂಬ ಸಂಖ್ಯೆಯ ಸಾಲು ಬೀಳುತ್ತದೆ. ತಪ್ಪು ಪಾಸ್‌ವರ್ಡ್ ಯಾವ ಯಂತ್ರದಿಂದ ಬಂತು ಎಂಬುದೂ ಅದರಲ್ಲಿರುತ್ತದೆ. 4771 ಎಂಬ ಸಾಲಿನಲ್ಲಿ ಕೋಡಿನ ಕೊನೆಗೆ 18 ಇದ್ದರೆ ಪಾಸ್‌ವರ್ಡ್ ತಪ್ಪು, 25 ಇದ್ದರೆ ಗಡಿಯಾರದ ವ್ಯತ್ಯಾಸ. ಅಕ್ಕನ ಎರಡು ತಿಂಗಳ ಸೋಮವಾರಗಳ ಕಾರಣ ಅಲ್ಲೇ ಬರೆದಿತ್ತು. ಅದನ್ನು ತೆರೆದು ನೋಡದೆ ಅವರನ್ನೇ ಮರೆಗುಳಿ ಅಂದದ್ದು ನನಗೆ ಇವತ್ತಿಗೂ ಬೇಸರ.

ಮೂರನೆಯ ಕಾರಣ ಈ ಆಫೀಸಿನಲ್ಲಿ ಇರಲಿಲ್ಲ, ಆದರೆ ಬೇರೆ ಕಡೆ ಸಾಮಾನ್ಯ. ಇಂಟರ್ನೆಟ್ ನಿಧಾನ ಎಂದು ಯಾರೋ ಕಂಪ್ಯೂಟರಿನ ಡಿಎನ್‌ಎಸ್ (ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಾಯಿಸುತ್ತಾರೆ. ಆಮೇಲೆ ಜಗತ್ತಿನ ಎಲ್ಲ ವಿಳಾಸ ಸಿಗುತ್ತದೆ, ಒಳಕೋಣೆಯ ಸರ್ವರ್ ವಿಳಾಸ ಮಾತ್ರ ಸಿಗುವುದಿಲ್ಲ. ಹಿಂದೆ ಲಾಗಿನ್ ಆಗಿದ್ದ ನೆನಪಿನ ಮೇಲೆ ವಿಂಡೋಸ್ ಒಳಗೆ ಬಿಡುವುದರಿಂದ ಎಲ್ಲ ಸರಿಯಿದೆ ಅನ್ನಿಸುತ್ತದೆ. ಸರ್ವರ್‌ನ ಫೋಲ್ಡರ್ ತೆರೆಯಲು ಹೋದಾಗ ಗೊತ್ತಾಗುತ್ತದೆ.

ಸ್ಕ್ಯಾನರ್‌ಗೆ ಅದರದ್ದೇ ಒಂದು ಖಾತೆ ಮಾಡಿಕೊಟ್ಟೆವು. ಸಮಯ ತಾನಾಗಿ ಹೊಂದಿಕೊಳ್ಳುವ ಏರ್ಪಾಡನ್ನು ಮತ್ತೆ ಚಾಲೂ ಮಾಡಿದೆವು. ಕಿಟಕಿ ಪಕ್ಕದ ಕಂಪ್ಯೂಟರ್ ಜೊತೆಗೇ ಕೊಂಡ ಇನ್ನೂ ಮೂರು ಅಲ್ಲಿದ್ದವು. ಮೀಟರ್ ಇಟ್ಟು ನೋಡಿದರೆ ಅವುಗಳ ಶೆಲ್ಲೂ ಇಳಿದಿದ್ದವು. ಮೂರನ್ನೂ ಹುಡುಗನೇ ಬದಲಾಯಿಸಿದ. ಮುಂದಿನ ಸೋಮವಾರ ಅವನು ಎಫ್1 ಮೇಲೆ ಬೆರಳಿಟ್ಟು ಕಾದಿದ್ದನಂತೆ. ಕಪ್ಪು ಸ್ಕ್ರೀನ್ ಬರಲೇ ಇಲ್ಲ.